ದ್ವಾರಕೀಶ್ ಅವರಿಗೆ ಒಬ್ಬ ಪ್ರೇಕ್ಷಕನ ಕೃತಜ್ಞತೆ

ದ್ವಾರಕೀಶ್ ಅವರು 2024ರ ಏಪ್ರಿಲ್ 16ರಂದು, ತಮ್ಮ 81ನೆಯ ವಯಸ್ಸಿನಲ್ಲಿ ನಮ್ಮನ್ನು ಅಗಲಿದರು. ಅವರನ್ನು ತೆರೆಯ ಮೇಲೆ ಮಾತ್ರ ಬಲ್ಲ, ಮನಸ್ಸು ಭಾರವಾಗಿದ್ದ ಎಷ್ಟೋ ಸಂಜೆಗಳನ್ನು ಅವರ ಚಿತ್ರಗಳನ್ನು ನೋಡುತ್ತಲೇ ಕಳೆದ ಪ್ರೇಕ್ಷಕ ನಾನು. ಆ ಋಣವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹಾಸ್ಯನಟನ ಮೈಕಟ್ಟನ್ನು ಇತರ ಪಾತ್ರಗಳು ಆಡಿಕೊಂಡು ಪ್ರೇಕ್ಷಕರನ್ನು ನಗಿಸುವುದು ಸಿನಿಮಾದಲ್ಲಿ ಬಹಳ ಹಳೆಯ ರೂಢಿ. ಎತ್ತರ ಕಡಿಮೆಯಿದ್ದ ದ್ವಾರಕೀಶ್ ಅವರಿಗೂ ಅಂಥ ಪಾತ್ರಗಳಲ್ಲೇ ಉಳಿದುಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. 1972ರ ‘ಕುಳ್ಳ ಏಜೆಂಟ್ 000’ ಚಿತ್ರದಲ್ಲಿ ಸಾಹಸಿ ನಾಯಕನಾಗಿ ತಾವೇ ನಿಂತರು; ಕಿಶೋರ್ ಕುಮಾರ್ ಅವರಿಂದ ಕನ್ನಡದ ಹಾಡನ್ನು ಹಾಡಿಸಿದ್ದೂ ಅದೇ ಚಿತ್ರಕ್ಕೆ. ವಿಷ್ಣುವರ್ಧನ್ ಅವರ ಪಕ್ಕದಲ್ಲಿ ನಿಂತು, ಕತ್ತನ್ನು ಪೂರ್ತಿ ಮೇಲೆತ್ತಿ, ಕಣ್ಣರಳಿಸಿ ಅವರು ಮಾತಿಗಿಳಿದರೆ ನೋಡುವವರಿಗೆ ಎತ್ತರದ ಅಂತರವೇ ಮರೆತುಹೋಗುತ್ತಿತ್ತು. ಓರಗೆಯವರಿಗಿಂತ ಗಿಡ್ಡವಾಗಿದ್ದ ನನ್ನಂಥ ಹುಡುಗರಿಗೆ ಅದು ಎಂಥ ಧೈರ್ಯ ಕೊಟ್ಟಿತೆಂಬುದನ್ನು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ, ನಾನಂತೂ ಹೇಳಲಾಗಲಿಲ್ಲ.

ನಗಿಸಿದ್ದಕ್ಕೆ ಎಷ್ಟು ಋಣಿಯೋ, ಅವರು ನಿರ್ಮಾಪಕರಾಗಿ ತೋರಿದ ಎದೆಗಾರಿಕೆಗೂ ಅಷ್ಟೇ ಋಣಿ. ಹುಣಸೂರಿನಲ್ಲಿ ಹುಟ್ಟಿ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ಅಣ್ಣನೊಂದಿಗೆ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದವರು ಅದನ್ನು ಬಿಟ್ಟು ಚಿತ್ರರಂಗಕ್ಕೆ ಬಂದರು. ಇನ್ನೂ ಮೂವತ್ತು ತುಂಬುವ ಮೊದಲೇ, 1969ರಲ್ಲಿ, ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿ ‘ಮೇಯರ್ ಮುತ್ತಣ್ಣ’ ನಿರ್ಮಿಸಿದಾಗ, ನಿರ್ದೇಶನವನ್ನು ಅದುವರೆಗೆ ಸ್ವತಂತ್ರವಾಗಿ ಒಂದು ಚಿತ್ರವನ್ನೂ ನಿರ್ದೇಶಿಸಿರದ ಸಿದ್ಧಲಿಂಗಯ್ಯನವರ ಕೈಗೆ ಒಪ್ಪಿಸಿದರು. 1977ರಲ್ಲಿ ‘ಭಾಗ್ಯವಂತರು’ ಚಿತ್ರದ ಮೂಲಕ ಭಾರ್ಗವ ಅವರಿಗೂ ಮೊದಲ ಅವಕಾಶ ಕೊಟ್ಟರು. ತಮ್ಮ ಹಣ ಪಣಕ್ಕಿದ್ದಾಗಲೂ ಹೊಸಬರನ್ನು ನಂಬುವ ಈ ಗುಣವನ್ನೇ ನಾನು ಅವರ ದೊಡ್ಡತನವೆನ್ನುತ್ತೇನೆ. ಸಿಂಗಪುರಕ್ಕೆ ಹೋಗಿ ಕನ್ನಡ ಚಿತ್ರವನ್ನು ಚಿತ್ರೀಕರಿಸಿದ ಸಾಹಸವನ್ನು ಎಲ್ಲರೂ ನೆನೆಯುತ್ತಾರೆ, ಸರಿಯೇ. ಆದರೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಾದದ್ದು ಇದಕ್ಕೆ.

ಮುಂದೆ ಚಿತ್ರಗಳು ಸಾಲಾಗಿ ಸೋತವು, ಸಾಲ ಬೆಳೆಯಿತು. ಆ ಕಷ್ಟವನ್ನು ಅವರು ಮುಚ್ಚಿಡಲಿಲ್ಲ. ಸಂದರ್ಶನಗಳಲ್ಲಿ ಗೆಲುವಿನ ಬಗ್ಗೆ ಮಾತನಾಡಿದಷ್ಟೇ ಸಲೀಸಾಗಿ ಸೋಲಿನ ಬಗ್ಗೆಯೂ ಮಾತನಾಡಿದರು. ಅರವತ್ತು ದಾಟಿದ ಮೇಲೆ, 2004ರಲ್ಲಿ, ‘ಆಪ್ತಮಿತ್ರ’ ಚಿತ್ರದೊಂದಿಗೆ ಮತ್ತೆ ಎದ್ದುನಿಂತರು. ವಿಷ್ಣುವರ್ಧನ್ ನಾಯಕರಾಗಿದ್ದ ಆ ಚಿತ್ರ ವರ್ಷಕ್ಕೂ ಹೆಚ್ಚು ಕಾಲ ಓಡಿದ್ದನ್ನು ಕಂಡು, ಅವರಿಗೆ ಸಲ್ಲಬೇಕಾದದ್ದು ಕೊನೆಗೂ ಸಂದಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಅವರೊಂದಿಗೆ ದುಡಿದ ಕಲಾವಿದರಿಗೂ ತಂತ್ರಜ್ಞರಿಗೂ, ಕೈ ಬರಿದಾಗಿದ್ದ ದಿನಗಳಲ್ಲಿ ಅವರ ಜೊತೆಗೆ ನಿಂತ ಗೆಳೆಯರಿಗೂ ನನ್ನ ವಂದನೆಗಳು. ತಮ್ಮ ದುಃಖದ ನಡುವೆಯೂ ರವೀಂದ್ರ ಕಲಾಕ್ಷೇತ್ರದಲ್ಲಿ ಅಭಿಮಾನಿಗಳಿಗೆ ಅಂತಿಮ ದರ್ಶನಕ್ಕೆ ಅವಕಾಶ ಮಾಡಿಕೊಟ್ಟ ಕುಟುಂಬದವರಿಗೆ ನಾನು ವಿಶೇಷವಾಗಿ ಋಣಿಯಾಗಿದ್ದೇನೆ.