ಹಳೆಯ ಬಸ್ಸಿಗೂ 'ವಿಂಟೇಜ್' ಮಾನ್ಯತೆ ಕೊಡಿ

ಮಾನ್ಯ ಸಂಪಾದಕರೇ,

ಮುಂಬೈಯ ನಗರ ಸಾರಿಗೆ ನಡೆಸುವ ಬೆಸ್ಟ್ ಸಂಸ್ಥೆಯ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು 2023ರ ಸೆಪ್ಟೆಂಬರ್ 15ರಂದು ಅಂಧೇರಿಯ 415ನೇ ಮಾರ್ಗದಲ್ಲಿ ಓಡಿ ಸೇವೆ ಮುಗಿಸಿತು. 1937ರಲ್ಲಿ ಈ ಊರಿಗೆ ಬಂದ ಎರಡಂತಸ್ತಿನ ಬಸ್ಸಿನ ಪರಂಪರೆಯದು. ಜನ ಹೂವಿನಿಂದ ಸಿಂಗರಿಸಿ ಕಳಿಸಿಕೊಟ್ಟರು. ಈಗಿನ ಹವಾನಿಯಂತ್ರಿತ ಎಲೆಕ್ಟ್ರಿಕ್ ಡಬಲ್ ಡೆಕ್ಕರ್ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಹಳೆಯದೊಂದನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳೋಣವೆಂದರೆ ನಮ್ಮ ನಿಯಮಗಳೇ ಅಡ್ಡ ನಿಂತಿವೆ.

ನಾನು ವಿಜಯಪುರ ಜಿಲ್ಲೆಯವನು. ಹೊಟ್ಟೆಪಾಡಿಗೆ ಮುಂಬೈಗೆ ಬಂದು ಈ ಬಸ್ಸುಗಳಲ್ಲೇ ಕಂಡಕ್ಟರಾಗಿ ದುಡಿದು ನಿವೃತ್ತನಾದೆ. ಡಬಲ್ ಡೆಕ್ಕರಿಗೆ ಇಬ್ಬರು ಕಂಡಕ್ಟರು, ಕೆಳಗೊಬ್ಬ, ಮೇಲೊಬ್ಬ. ಒಂದು ಗಂಟೆ ಹೊಡೆದರೆ ನಿಲ್ಲು, ಎರಡು ಹೊಡೆದರೆ ಹೊರಡು. ಹಿಂದಿನ ಬಾಗಿಲಲ್ಲಿ ಹತ್ತುವವರು ಕೆಳಗಿನವನ ಕಣ್ಣಿಗೆ ಬೀಳುತ್ತಾರೆ, ಆದರೆ ಸುತ್ತು ಮೆಟ್ಟಿಲಲ್ಲಿ ಕೂಸನ್ನೆತ್ತಿಕೊಂಡು ಇಳಿಯುತ್ತಿರುವ ತಾಯಿ ಮೇಲಿನವನಿಗಷ್ಟೇ ಕಾಣುತ್ತಾಳೆ. ಅವನು ಕೂಗಿದ ಮೇಲೆಯೇ ಗಂಟೆ. ಮೇಲೆ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ, ಭಾರ ಮೇಲಾದಷ್ಟೂ ತಿರುವಿನಲ್ಲಿ ಬಸ್ಸು ವಾಲುತ್ತದೆ. ಮರೀನ್ ಡ್ರೈವ್ ಗುಂಟ ಹೋಗುವ 123ರಲ್ಲಿ ಮೇಲಿನ ಮುಂದಿನ ಸೀಟಿಗಾಗಿ ಮಕ್ಕಳಷ್ಟೇ ಅಲ್ಲ, ಆಫೀಸಿನ ಸಾಹೇಬರೂ ಓಡುತ್ತಿದ್ದರು. ಎದುರು ಕಿಟಕಿಯಿಂದ ನುಗ್ಗುವ ಕಡಲ ಗಾಳಿ ಅಂಥದ್ದು! ಕೈಯಲ್ಲಿ ತಗಡಿನ ಟಿಕೆಟ್ ಪೆಟ್ಟಿಗೆ, ಹೆಗಲಲ್ಲಿ ಚರ್ಮದ ಚೀಲ, ಬೆರಳಲ್ಲಿ ಸದಾ ಟಿಕ್ ಟಿಕ್ ಎನ್ನುವ ಪಂಚು. ಇದೆಲ್ಲ ಒಂದು ಕಸುಬು. ಬಸ್ಸು ಓಡಿದರೆ ಮಾತ್ರ ಅದನ್ನು ಇನ್ನೊಬ್ಬರಿಗೆ ತೋರಿಸಬಹುದು.

ಈಗ ನಿಯಮಕ್ಕೆ ಬರುತ್ತೇನೆ. 15 ವರ್ಷ ದಾಟಿದ ಸರ್ಕಾರಿ ಮತ್ತು ಸಾರಿಗೆ ಸಂಸ್ಥೆಗಳ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಹೊಗೆ ಕಡಿಮೆ ಮಾಡಲು ಅದು ಬೇಕಾದದ್ದೇ, ಒಪ್ಪುತ್ತೇನೆ. ಇತ್ತ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಬೇರೆ ನೋಂದಣಿ ತಂದಿತು: ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ, 20,000 ರೂಪಾಯಿ ಶುಲ್ಕ, ಪ್ರದರ್ಶನ, ರ‍್ಯಾಲಿಗಳಂಥ ಕೆಲಸಕ್ಕಷ್ಟೇ ರಸ್ತೆಗಿಳಿಯುವ ಅನುಮತಿ. ಸೊಗಸಾದ ವ್ಯವಸ್ಥೆ. ಆದರೆ ಅದು ಸಿಗುವುದು 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ. ಬಸ್ಸಿಗೆ ಆರು ಚಕ್ರ. ರಾಜರು ಓಡಾಡಿದ ಕಾರಿಗೆ ಸಿಕ್ಕ ಮರ್ಯಾದೆ ಗಿರಣಿ ಕಾರ್ಮಿಕರನ್ನು ಹೊತ್ತು ತಂದ ಬಸ್ಸಿಗೆ ಸಿಗಲಿಲ್ಲ.

ಲಂಡನ್ನಿನ ರೂಟ್‌ಮಾಸ್ಟರ್ ಬಸ್ಸುಗಳ ದೈನಂದಿನ ಸೇವೆ 2005ರ ಡಿಸೆಂಬರಿನಲ್ಲೇ ನಿಂತಿತು. ಹಾಗಿದ್ದೂ ಅಲ್ಲಿನ ಆಸಕ್ತರು ಅವನ್ನು ಕೊಂಡು, ರಿಪೇರಿ ಮಾಡಿ, ಇವತ್ತಿಗೂ ಓಡಿಸುತ್ತಾರೆ. ನಮ್ಮ ಆನಿಕ್ ಡಿಪೊದಲ್ಲೂ ಬೆಸ್ಟ್‌ನ ಮ್ಯೂಸಿಯಂ ಇದೆ, ಸಂತೋಷ. ಆದರೆ ಬಸ್ಸನ್ನು ನಿಲ್ಲಿಸಿಯೇ ಇಟ್ಟರೆ ರಬ್ಬರ್ ಸೀಲುಗಳು ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಟೈರಿನ ಆಕಾರ ಕೆಡುತ್ತದೆ. ಆಗಾಗ ಎಂಜಿನ್ ಶುರುಮಾಡಿ ನಾಲ್ಕು ಸುತ್ತು ಓಡಿಸಲೇಬೇಕು.

ಬೆಂಗಳೂರಿನ ಹಿರಿಯರಿಗೆ ಅಂದಿನ ನಗರ ಸಾರಿಗೆಯಾದ ಬಿಟಿಎಸ್‌ನ ಡಬಲ್ ಡೆಕ್ಕರುಗಳು ನೆನಪಿರಬೇಕು. ಈ ಮಾತು ಅವರ ಊರಿಗೂ ಸಲ್ಲುತ್ತದೆ. ಸಾರಿಗೆ ಸಂಸ್ಥೆಗಳು ಹಳೆಯ ಮಾದರಿಗೊಂದರಂತೆ ಬಸ್ಸು ಉಳಿಸಿಕೊಂಡು, ವರ್ಷದಲ್ಲಿ ಕೆಲವು ದಿನ ರಸ್ತೆಗಿಳಿಸಲು ಅನುಕೂಲವಾಗುವಂತೆ ವಿಂಟೇಜ್ ನಿಯಮಕ್ಕೆ ತಿದ್ದುಪಡಿಯಾಗಬೇಕು. ಕರ್ನಾಟಕ ಮತ್ತು ಮಹಾರಾಷ್ಟ್ರದ ಸಂಸದರು ಈ ಬಗ್ಗೆ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಬರೆಯಬೇಕೆಂದು ವಿನಂತಿ.

— ನಿವೃತ್ತ ಬಸ್ ಕಂಡಕ್ಟರ್, ಮುಂಬೈ