ಮೊಬೈಲ್ ನೋಡಿ ಮಣೆ ಹಾಕುವ ಬೆಲೆ

ಸಂಪಾದಕರಿಗೆ ನಮಸ್ಕಾರ.

ಆನ್‌ಲೈನ್ ಆ್ಯಪ್‌ಗಳು ಗಿರಾಕಿಯ ಮೊಬೈಲ್ ಮಾಹಿತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹಾಕುವುದಕ್ಕೆ ಕಾನೂನಿನ ಕಡಿವಾಣ ಬೇಕು ಎಂದರೆ ಕೆಲವರು ನಗುತ್ತಾರೆ. ‘ನೀವು ಅಂಗಡಿಯವರು ಮುಖ ನೋಡಿ ಮಣೆ ಹಾಕೋದಿಲ್ವಾ?’ ಎನ್ನುತ್ತಾರೆ. ನಾನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸೀರೆ, ಖಣ ಮಾರುವವನು. ಹಾಕುತ್ತೇವೆ, ಸುಳ್ಳು ಯಾಕೆ? ಬೋಣಿಗೆ ಹೊತ್ತಿಗೆ ಬಂದವರಿಗೆ ಐವತ್ತು ರೂಪಾಯಿ ಬಿಡುತ್ತೇವೆ. ಮದುವೆ ಜವಳಿಗೆ ಬಂದವರ ಹತ್ತಿರ ಸ್ವಲ್ಪ ಎಳೆದಾಡುತ್ತೇವೆ. ಆದರೆ ಗಿರಾಕಿಯೇನು ಸುಮ್ನೆ ಕೂರುತ್ತಾರಾ? ಇಳಕಲ್ ಸೀರೆಯ ಸೆರಗು ಬಿಡಿಸಿ, ರೇಷ್ಮೆಯೋ ಆರ್ಟ್ ಸಿಲ್ಕೋ ಎಂದು ಉಜ್ಜಿ ನೋಡಿ, ‘ಬಾಜೂ ಅಂಗಡ್ಯಾಗ ಕಡಿಮಿ ಐತ್ರಿ’ ಎಂದು ಮೆಟ್ಟಿಲಿಳಿಯುತ್ತಾರೆ. ನಾವೇ ಮತ್ತೆ ಕರೆಯಬೇಕು. ಅವರು ಹೋದ ತಿಂಗಳು ಎಲ್ಲಿ ಏನು ಕೊಂಡರು ಎಂಬ ಲೆಕ್ಕ ನನ್ನ ಹತ್ತಿರ ಇರುವುದಿಲ್ಲ.

ಆ್ಯಪ್‌ಗಳ ಹತ್ತಿರ ಇರುತ್ತದೆ. ನಮ್ಮ ಮನೆಯಲ್ಲೇ ಅದೇ ಕುಕ್ಕರಿಗೆ ನನ್ನ ಫೋನಿನಲ್ಲಿ ಒಂದು ರೇಟು, ಸೊಸೆಯ ಫೋನಿನಲ್ಲಿ ಇನ್ನೊಂದು. ಕೂಪನ್ ಕಾರಣವಿರಬಹುದು, ಬೇರೆ ಏನೋ ಇರಬಹುದು. ಕೇಳೋಣವೆಂದರೆ ಗಲ್ಲಾದ ಮೇಲೆ ಯಾರೂ ಇಲ್ಲವಲ್ಲ!

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2025ರ ನವೆಂಬರ್‌ನಿಂದ ಇದಕ್ಕೊಂದು ಕಾನೂನು ಜಾರಿಯಲ್ಲಿದೆ. ಗಿರಾಕಿಯ ವೈಯಕ್ತಿಕ ಮಾಹಿತಿ ಬಳಸಿ ಕಂಪ್ಯೂಟರ್ ಲೆಕ್ಕದಿಂದ ಬೆಲೆ ಹಾಕಿದ್ದರೆ, ಹಾಗಂತ ಬೆಲೆಯ ಹತ್ತಿರವೇ ಬರೆಯಬೇಕು. ತಪ್ಪಿದರೆ ಒಂದೊಂದಕ್ಕೂ 1000 ಡಾಲರ್‌ವರೆಗೆ ದಂಡ. ಅಲ್ಲಿನ ವರ್ತಕರ ಸಂಘ ಕೋರ್ಟಿಗೆ ಹೋಯಿತು, ನ್ಯಾಯಾಧೀಶರು ಅರ್ಜಿ ವಜಾ ಮಾಡಿದರು. ಬೇರೆ ಬೇರೆ ಬೆಲೆ ಹಾಕುವುದನ್ನು ಈ ಕಾನೂನು ನಿಲ್ಲಿಸುವುದಿಲ್ಲ, ಮುಚ್ಚಿಡಬೇಡಿ ಎನ್ನುತ್ತದೆ ಅಷ್ಟೇ. ನನಗೆ ಅಷ್ಟಾದರೂ ಸಾಕು.

ನಮ್ಮಲ್ಲಿ ಎಂಆರ್‌ಪಿ ಇದೆ. ಆದರೆ ಅದು ಮೇಲಿನ ಮಿತಿ ಮಾತ್ರ, ಅದರ ಕೆಳಗೆ ಯಾರಿಗೆ ಎಷ್ಟು ಬೇಕಾದರೂ ಹಾಕಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಬಳಸುವ ಮುನ್ನ ಒಪ್ಪಿಗೆ ಕೇಳಿ ಎನ್ನುತ್ತದೆ, ಬೆಲೆಯ ಮಾತೇ ಎತ್ತುವುದಿಲ್ಲ. ಒಪ್ಪಿಗೆಯ ಆ ಉದ್ದನೆಯ ಪಟ್ಟಿಯನ್ನು ಯಾರು ಓದುತ್ತಾರೆ? ‘ಓಕೆ’ ಒತ್ತಿ ಮುಂದೆ ಹೋಗುತ್ತೇವೆ.

2025ರ ಜನವರಿಯಲ್ಲಿ ಐಫೋನ್‌ಗೊಂದು, ಆಂಡ್ರಾಯ್ಡ್‌ಗೊಂದು ಟ್ಯಾಕ್ಸಿ ಬಾಡಿಗೆ ಎಂಬ ದೂರಿನ ಮೇಲೆ ಓಲಾ, ಉಬರ್‌ಗೆ ಕೇಂದ್ರ ನೋಟಿಸ್ ಕೊಟ್ಟಿತ್ತು. ಹಾಗೇನೂ ಇಲ್ಲ ಎಂದು ಎರಡೂ ಕಂಪನಿಗಳು ಹೇಳಿದವು. ಆಗ ನೋಟಿಸ್ ವಿಷಯ ತಿಳಿಸಿದವರು ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡ ಕ್ಷೇತ್ರದ ಸಂಸದ ಪ್ರಲ್ಹಾದ ಜೋಶಿ ಅವರೇ. ನೋಟಿಸ್ ಜೊತೆಗೆ ನಿಯಮವೂ ಬರಲಿ. ಮಾಹಿತಿ ನೋಡಿ ಬೆಲೆ ಹಾಕಿದ್ದರೆ ಅದನ್ನು ಕನ್ನಡದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ಮಾಹಿತಿ ನೋಡದೆ ಹಾಕುವ ರೇಟೂ ಪಕ್ಕದಲ್ಲೇ ಇರಬೇಕು.

– ಒಬ್ಬ ಜವಳಿ ವ್ಯಾಪಾರಿ, ದುರ್ಗದಬೈಲ್, ಹುಬ್ಬಳ್ಳಿ