ನಿಂತು ಪ್ರಾರ್ಥಿಸಿದೆ ಎಂದೆಯಲ್ಲ

ಪ್ರೀತಿಯ ಮಗನಿಗೆ,

ಕರ್ತನ ಕೃಪೆಯೂ ಸಮಾಧಾನವೂ ನಿನಗಿರಲಿ. ಕಾಗದ ತಲುಪಿತು. ಮಾಡಿನ ಹಂಚು ಕೈಯಾಡಿಸಿದ್ದು, ಅಮ್ಮನ ಮೊಣಕಾಲು, ಬಾವಿಯ ಪಂಪು, ಎಲ್ಲ ಅವಳೇ ಫೋನಿನಲ್ಲಿ ಹೇಳಿಯಾಗಿದೆ. ಮತ್ತೆ ಬರೆಯುವುದಿಲ್ಲ.

ಎರಡನೇ ಪುಟದಲ್ಲಿ, ಹೊಸ ಬೂಟಿನ ರೇಟಿಗೂ ಮಗಳ ಪರೀಕ್ಷೆಗೂ ನಡುವೆ, ಒಂದು ಸಾಲು ಉಂಟು. ಲಾಲ್‌ಬಾಗಿನ ಬಂಡೆ ಏರಿ ಓಡುವಾಗ ಎದೆ ಸ್ವಲ್ಪ ಬಿಗಿಯುತ್ತದೆ, ನಿಂತು ಪ್ರಾರ್ಥನೆ ಮಾಡಿದರೆ ಎರಡು ನಿಮಿಷದಲ್ಲಿ ಬಿಡುತ್ತದೆ ಎಂದು ಬರೆದಿದ್ದೀ. ಅಷ್ಟು ಬರೆದು ನೀನು ಮುಂದೆ ಹೋದೆ. ನನಗೆ ಹೋಗಲಿಕ್ಕೆ ಆಗಲಿಲ್ಲ. ನಾಲ್ಕು ದಿನದಿಂದ ಆ ಸಾಲಿನಲ್ಲೇ ಕೂತಿದ್ದೇನೆ. ಇ.ಸಿ.ಜಿ. ಕೋಣೆಯಲ್ಲಿ ಆಯುಷ್ಯ ಕಳೆದವನಿಗೆ ಇದೊಂದು ರೋಗ ಅಂತ ನೀನು ನಗಬಹುದು. ನಗು. ಆದರೆ ಓದಿ ನಗು.

ಪ್ರಾರ್ಥಿಸಿದ್ದರಿಂದ ಬಿಟ್ಟಿತು ಎಂದು ನೀನು ಬಗೆದಿದ್ದೀ. ನಿಂತದ್ದರಿಂದ ಬಿಟ್ಟಿತು ಎಂದು ನನ್ನ ಹೆದರಿಕೆ.

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಒಳಗಿನಿಂದ ಕಿರಿದಾಗುತ್ತಾ ಬಂದರೂ, ಕೂತಾಗ, ಮಲಗಿದಾಗ, ಸಮತಟ್ಟಿನಲ್ಲಿ ನಡೆದಾಗ ಏನೂ ಗೊತ್ತಾಗುವುದಿಲ್ಲ. ಸುಮಾರು ಶೇ. 70ರಷ್ಟು ಕಟ್ಟಿದ ಮೇಲೆಯೇ ಹೆಚ್ಚಿನವರಿಗೆ ಏರಿನಲ್ಲಿ ಸೂಚನೆ ಸಿಗುವುದು. ಏರು ಬಂದಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ, ಆ ನಾಳಕ್ಕೆ ಕೊಡಲಿಕ್ಕಾಗುವುದಿಲ್ಲ, ಎದೆ ಬಿಗಿಯುತ್ತದೆ. ನಿಂತರೆ ಬೇಡಿಕೆ ಇಳಿಯುತ್ತದೆ, ಎರಡರಿಂದ ಐದು ನಿಮಿಷದೊಳಗೆ ಬಿಡುತ್ತದೆ. ನೀನು ಬರೆದದ್ದು ಇದೇ ಲೆಕ್ಕ. ಸ್ನಾಯು ಹಿಡಿದ ನೋವಾದರೆ ಬೆರಳಿಟ್ಟು ಒತ್ತಿದಾಗ ನೋಯುತ್ತದೆ, ತೋಳು ತಿರುಗಿಸಿದಾಗ ನೋಯುತ್ತದೆ. ಆ್ಯಸಿಡಿಟಿಯಾದರೆ ಊಟದ ಮೇಲೆ, ಮಲಗಿದಾಗ ಬರುತ್ತದೆ. ಅದಕ್ಕೆ ಲಾಲ್‌ಬಾಗಿನ ಬಂಡೆ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಿರುವುದಿಲ್ಲ. ಪ್ರತಿ ಸಲ ಅದೇ ಜಾಗದಲ್ಲಿ ಬಂದು, ನಿಂತ ಕೂಡಲೇ ಬಿಡುವ ಬಿಗಿತವನ್ನು, ಹೃದಯದ್ದಲ್ಲ ಎಂದು ಖಾತ್ರಿಯಾಗುವವರೆಗೆ ಹೃದಯದ್ದೇ ಎಂದು ಹಿಡಿಯಬೇಕು. ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಮಾರಾಯ. ಹೇಳದಿರಲಿಕ್ಕೂ ಆಗುತ್ತಿಲ್ಲ.

ಅಜ್ಜನ ವಿಷಯ ನಿನಗೆ ಗೊತ್ತಿದ್ದದ್ದೇ. ಡಾಕ್ಟರ ಮುಂದೆ ಮಾತ್ರ ಅದನ್ನು ವಯಸ್ಸು ಸಮೇತ ಹೇಳು. ಅಜ್ಜ ಅಂದರೆ ಸಾಲದು, ಅಜ್ಜ 52ಕ್ಕೆ ಹೃದಯದಿಂದಲೇ ಹೋದರು ಅನ್ನು. 55ರ ಒಳಗೆ ತಂದೆ ಅಥವಾ ಅಣ್ಣತಮ್ಮಂದಿರಿಗೆ ಹೃದಯದ ಕಾಯಿಲೆ ಬಂದಿದ್ದರೆ ಡಾಕ್ಟರು ಅದನ್ನು ಬೇರೆಯೇ ತೂಕದಲ್ಲಿ ನೋಡುತ್ತಾರೆ. ಅಜ್ಜ ಒಂದು ತಲೆಮಾರು ಹಿಂದಿನವರಾದರೂ, ನನ್ನ ಎರಡು ಸ್ಟೆಂಟು ನಡುವೆ ಕೂತಿರುವುದರಿಂದ ಹೇಳಲೇಬೇಕು.

ಒಂದು ಮಾತ್ರ ನಿನಗೆ ಗೊತ್ತಿಲ್ಲದ್ದು. ಇಲ್ಲಿ ಮಂಗಳೂರಿನಲ್ಲಿ ಭಾನುವಾರ ಜೆಪ್ಪಿನಿಂದ ಫಳ್ನೀರಿನ ಮೇಲೆ ಬಲ್ಮಠಕ್ಕೆ ಆರಾಧನೆಗೆ ಹೋಗುವಾಗ ಅಜ್ಜ ಏರಿನ ಅರ್ಧದಲ್ಲಿ ನಿಲ್ಲುತ್ತಿದ್ದರು. ಕೊಡೆ ಊರಿ, ಕೆಳಗಿನ ತೆಂಗಿನ ತೋಟಗಳ ಕಡೆ ತಿರುಗಿ, ಕೀರ್ತನೆಯ ಒಂದು ಚರಣ ಗುನುಗಿ, ಮತ್ತೆ ನಡೆಯುವುದು. ಭಕ್ತಿ ಅಂತ ನಾವು ಮಕ್ಕಳು ಸುಮ್ಮನೆ ಹಿಂದೆ ನಿಲ್ಲುತ್ತಿದ್ದೆವು. ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಯಾವಾಗಲೂ ಅದೇ ತಿರುವಿನಲ್ಲಿ ಯಾಕೆ ಬರುತ್ತಿತ್ತು ಅಂತ ಕೇಳುವ ಬುದ್ಧಿ ನನಗೆ ಬಂದದ್ದು ಇ.ಸಿ.ಜಿ. ಕೆಲಸ ಕಲಿತ ಮೇಲೆ, ಅವರು ಹೋಗಿ ಒಂಬತ್ತು ವರ್ಷಕ್ಕೆ. ಮನೆಯಲ್ಲಿ ಕೊಡುತ್ತಿದ್ದದ್ದು ಓಮದ ಕಷಾಯ.

ಗಟ್ಟಿ ಆಳಿಗೆ ಇದು ಬರುವುದಿಲ್ಲ ಅಂತಲೂ ತಿಳಿಯಬೇಡ. ನಮ್ಮ ಜೆಪ್ಪಿನ ಹಂಚಿನ ಕಾರ್ಖಾನೆ, 1865ರಲ್ಲಿ ಪ್ಲೆಬ್ಸ್ಟ್ ದೊರೆ ಬಾಸೆಲ್ ಮಿಷನ್ನಿಗಾಗಿ ಶುರುಮಾಡಿದ್ದು, ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದದ್ದು, ಅಲ್ಲಿ ದುಡಿದವರಿಗೆ ಜಿಮ್ಮು ಬೇಕಿರಲಿಲ್ಲ. ಹಸಿಮಣ್ಣು ನಾದುವುದು, ಅಚ್ಚಿನಿಂದ ತೆಗೆದ ಹಂಚನ್ನು ಹಲಗೆಯಲ್ಲಿಟ್ಟು ಒಣಗುವ ಅಟ್ಟಕ್ಕೆ ಹೊರುವುದು, ಬೆಂದದ್ದನ್ನು ಗೂಡಿನಿಂದ ಇಳಿಸುವುದು. ಒಂದೊಂದು ಹಂಚು ಎರಡು ಕಿಲೊಗೆ ಮೇಲೆಯೇ. ಅಂಥ ತೋಳಿನವರೂ ಹೋದರು. ತೋಳು ಗಟ್ಟಿ ಎಂದು ನಾಳ ತೆರೆದುಕೊಂಡಿರುವುದಿಲ್ಲ.

ಜಿಮ್ಮಿಗೆ ಸೇರುವಾಗ ತೆಗೆದ ಇ.ಸಿ.ಜಿ. ನಾರ್ಮಲ್ ಎಂದು ಬರೆದಿದ್ದೀ. ಏರಿನಲ್ಲಿ ಎದೆ ಬಿಗಿಯುವವರಲ್ಲಿ ಅರ್ಧದಷ್ಟು ಜನರದು ಮಲಗಿಸಿ ತೆಗೆದಾಗ ನಾರ್ಮಲ್ಲೇ ಇರುತ್ತದೆ. ಏಪ್ರಿಲ್ ತಿಂಗಳಲ್ಲಿ ಮಾಡು ನೋಡಿ ಸೋರುವುದಿಲ್ಲ ಅಂದ ಹಾಗೆ ಅದು. ಹಂಚು ಎಲ್ಲಿ ಬಿರಿದಿದೆ ಅಂತ ಜೂನಿನ ಮಳೆಗೇ ಗೊತ್ತಾಗಬೇಕು. ಕೈಯ ವಾಚಿನ ಇ.ಸಿ.ಜಿ.ಯೂ ಅಷ್ಟೇ: ಬಡಿತದ ತಾಳ ತಪ್ಪಿದರೆ ಹೇಳೀತು, ನಾಳ ಕಟ್ಟಿದ್ದನ್ನು ಹೇಳಲಾರದು.

ಮಳೆ ಸುರಿಸಿ ನೋಡುವುದಕ್ಕೇ ಟ್ರೆಡ್‌ಮಿಲ್ ಪರೀಕ್ಷೆ, ಟಿ.ಎಂ.ಟಿ. ಹೃದಯದ ಡಾಕ್ಟರ ಹತ್ತಿರ ಹೋಗು, ಹೆಲ್ತ್ ಪ್ಯಾಕೇಜಿನ ಕೌಂಟರಿಗೆ ಬೇಡ. ಮೊದಲು ಅವರು ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡಬಹುದು. ನಿನ್ನ ಲಕ್ಷಣ ಕೇಳಿ ನೇರ ಸಿ.ಟಿ. ಆಂಜಿಯೋ, ಹೃದಯದ ನಾಳಗಳ ಸ್ಕ್ಯಾನ್, ಅಂದರೂ ಗಾಬರಿಯಾಗಬೇಡ, ವಾದವೂ ಮಾಡಬೇಡ. ಟಿ.ಎಂ.ಟಿ. ಆದರೆ, ಮೂರು ಗಂಟೆ ಮೊದಲಿನಿಂದ ಹೊಟ್ಟೆ ತುಂಬ ತಿನ್ನಬೇಡ, ಕಾಫಿ ಬೇಡ. ಎದೆಗೆ ಎಣ್ಣೆ, ಪೌಡರ್ ಹಚ್ಚಬೇಡ, ಎಲೆಕ್ಟ್ರೋಡು ಹಿಡಿಯುವುದಿಲ್ಲ. ಕೂದಲು ಅವರೇ ಬೋಳಿಸುತ್ತಾರೆ. ಮೂರು ಮೂರು ನಿಮಿಷಕ್ಕೆ ಪಟ್ಟಿಯ ವೇಗವೂ ಏರೂ ಹೆಚ್ಚುತ್ತದೆ. ಸಾಮಾನ್ಯವಾಗಿ ಮೊದಲ ಹಂತ ಗಂಟೆಗೆ 2.7 ಕಿ.ಮೀ., ಶೇ. 10ರ ಏರು, ಮೂರನೆಯದಕ್ಕೆ 5.5 ಕಿ.ಮೀ., ಶೇ. 14. ನಿನಗೆ 42. 220ರಲ್ಲಿ ವಯಸ್ಸು ಕಳೆದರೆ 178, ಅದರ ಶೇ. 85 ಅಂದರೆ ಸುಮಾರು 151. ಎದೆಬಡಿತ ಅಷ್ಟಕ್ಕೆ ಏರಿದರೆ ಪರೀಕ್ಷೆ ಸಾಕಷ್ಟಾಯಿತು ಎಂದು ಲೆಕ್ಕ.

ಇಲ್ಲಿ ಓಟಗಾರರು ಮಾಡುವ ತಪ್ಪು ನಾನು ಎಷ್ಟೋ ಸಲ ಕಂಡದ್ದು. ಬಿಗಿದರೂ ಹೇಳುವುದಿಲ್ಲ, ಹಲ್ಲು ಕಚ್ಚಿ ಮುಗಿಸುತ್ತಾರೆ, ಇಳಿದು ಎಷ್ಟು ನಿಮಿಷ ಓಡಿದೆ ಅಂತ ಕೇಳುತ್ತಾರೆ. ಅದು ಪದಕ ಕೊಡುವ ಓಟವಲ್ಲ. ಬಿಗಿತ ಶುರುವಾದ ಕ್ಷಣವೇ ಬಾಯಿಬಿಟ್ಟು ಹೇಳಬೇಕು, ಯಂತ್ರದ ಕಾಗದದ ಮೇಲೆ ಆ ಕ್ಷಣವೇ ಬೇಕಾದದ್ದು. ಕಂಬಿಗೆ ಜೋತುಬಿದ್ದು ಓಡಿದರೆ ಹೃದಯಕ್ಕೆ ಕೆಲಸ ಕಡಿಮೆಯಾಗಿ ಲೆಕ್ಕ ಸುಳ್ಳಾಗುತ್ತದೆ. ಇಳಿದ ಮೇಲೂ ಕೆಲವು ನಿಮಿಷ ತಂತಿ ಕೀಳಬೇಡ, ಕೆಲವರಿಗೆ ಬದಲಾವಣೆ ಕಾಣುವುದು ದಣಿವಾರಿಸುವಾಗಲೇ. ಇಷ್ಟೆಲ್ಲ ಸರಿಯಾದರೂ ಟಿ.ಎಂ.ಟಿ. ಕೆಲವೊಮ್ಮೆ ತಪ್ಪು ಹೇಳುತ್ತದೆ. ನಾರ್ಮಲ್ ಬಂದೂ ಏರಿನ ಬಿಗಿತ ಹೋಗದಿದ್ದರೆ ಅಲ್ಲಿಗೆ ಬಿಡುವುದಲ್ಲ.

ಗ್ಯಾಸು ಎಂಬ ಶಬ್ದ ಮಾತ್ರ ಡಾಕ್ಟರ ಮುಂದೆ ಬಳಸಬೇಡ. ಆ ಶಬ್ದ ಕೇಳಿದರೆ ಅರ್ಧ ಜನ ಆ್ಯಸಿಡಿಟಿ ಮಾತ್ರೆ ಬರೆದು ಕಳಿಸುತ್ತಾರೆ. ಎಲ್ಲಿ ಬಿಗಿಯುತ್ತದೆ, ಎಷ್ಟು ಏರಿದಾಗ, ಎಷ್ಟು ನಿಮಿಷ, ದವಡೆಗೋ ಎಡತೋಳಿಗೋ ಬೆನ್ನಿಗೋ ಹರಿಯುತ್ತದೋ, ಬೆವರುತ್ತದೋ, ಏನು ಮಾಡಿದರೆ ಬಿಡುತ್ತದೆ, ಇಷ್ಟು ಚೀಟಿಯಲ್ಲಿ ಬರೆದುಕೊಂಡು ಹೋಗು. ಕೊನೆಯದಕ್ಕೆ ‘ನಿಂತರೆ’ ಎಂದು ಬರೆ. ಪ್ರಾರ್ಥನೆಯನ್ನು ಅಲ್ಲಿ ಬರೆಯಬೇಕಾಗಿಲ್ಲ.

ಇದನ್ನು ಅವಿಶ್ವಾಸ ಅಂತ ನೀನು ತಿಳಿದರೆ ಎಂಬ ಅಳುಕು ನನಗೂ ಉಂಟು. ಮನೆಯಲ್ಲಿ ಪ್ರಾರ್ಥನೆ ಕಲಿಸಿದವನೇ ಹೀಗೆ ಬರೆಯುವುದು. ಬೈಬಲಿನಲ್ಲಿ ಎರಡನೆಯ ಅರಸುಗಳು 20 ತೆಗೆದು ನೋಡು. ಅರಸ ಹಿಜ್ಕೀಯ ಸಾಯುವಂತಾಗಿ ಗೋಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸುತ್ತಾನೆ. ಇನ್ನು 15 ವರ್ಷ ಬದುಕುತ್ತೀ ಎಂದು ದೇವರ ಮಾತು ಬರುತ್ತದೆ. ಅಷ್ಟು ಖಾತ್ರಿಯ ಮಾತು ತಂದ ಪ್ರವಾದಿ ಯೆಶಾಯನೇ ಕೂಡಲೇ ಏನು ಹೇಳುತ್ತಾನೆ? ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿ ಅನ್ನುತ್ತಾನೆ. ದೇವರು ಹೇಳಿಯಾಯಿತಲ್ಲ, ಅಂಜೂರ ಯಾಕೆ ಅಂತ ಅರಸ ಕೇಳಲಿಲ್ಲ. ನಿನ್ನ ಪ್ರಾರ್ಥನೆಗೆ ಉತ್ತರ ಬಂದಿದೆ ಅಂತಲೇ ಇಟ್ಟುಕೋ. ಅಂಜೂರ ಕಟ್ಟಿಸಿಕೊಳ್ಳುವುದು ಬಾಕಿ ಉಂಟು.

ದೇಹ ದೇವಾಲಯ ಎಂಬ ವಾಕ್ಯವನ್ನು ಓಟದ ಟೀ ಶರ್ಟಿಗೆ ಅಚ್ಚು ಹಾಕಿಸಿದ್ದೀ ಅಂತ ಅಮ್ಮ ಫೋಟೋ ತೋರಿಸಿದಳು. ಚಂದ ಉಂಟು. ಪೌಲ ಅಲ್ಲಿ ಹೇಳುವುದು ಹಾದರದ ಸಂಗತಿ, ಓಟದ್ದಲ್ಲ, ಇರಲಿ. ಭಾನುವಾರ ಆರಾಧನೆ ಬಿಟ್ಟು ಓಡುವ ವಿಷಯವನ್ನೂ ಬೇರೆ ಕಾಗದಕ್ಕೆ ಇಟ್ಟಿದ್ದೇನೆ. ಈಗ ನನಗೆ ಅದು ಮುಖ್ಯವಲ್ಲ ಅನ್ನಿಸುತ್ತಿದೆ, ನನಗೇ ಆಶ್ಚರ್ಯ.

ಡಾಕ್ಟರು ನೋಡುವವರೆಗೆ ಓಟ ನಿಲ್ಲಿಸು. ಬಂಡೆ ಇನ್ನೊಮ್ಮೆ ಏರಿ ಪರೀಕ್ಷೆ ಮಾಡುತ್ತೇನೆ ಅಂತ ಹೊರಡಬೇಡ. ನೀನು ಹಾಗೆಯೇ ಮಾಡುವವನು. ಸಮತಟ್ಟಿನಲ್ಲಿ ನಡೆ. ನಡೆಯುತ್ತಾ ಮಾತಾಡಬಹುದು, ಹಾಡಲಿಕ್ಕಾಗುವುದಿಲ್ಲ ಅಂದರೆ ಅದು ಮಧ್ಯಮ ವೇಗ. ನೀನು ಸದ್ಯ ಒಂದು ಚರಣ ಸಲೀಸಾಗಿ ಹಾಡಬಹುದಾದ ವೇಗದಲ್ಲೇ ಇರು. ಹಾಫ್ ಮ್ಯಾರಥಾನ್ ದುಡ್ಡು ಹೋದರೆ ಹೋಗಲಿ, ನಾನು ಕೊಡುತ್ತೇನೆ. ಲೆಂಟ್ ಉಪವಾಸದಲ್ಲಿ ಬರೀ ಕಪ್ಪು ಕಾಫಿ ಕುಡಿದು ಓಡುತ್ತಿದ್ದೆಯಂತೆ, ಅದನ್ನು ಮಾತ್ರ ಇನ್ನು ಕೇಳುವಂತಾಗಬಾರದು. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್, ಸಕ್ಕರೆಯ ಎಚ್‌ಬಿಎ1ಸಿ, ಹಿಮೋಗ್ಲೋಬಿನ್ ಜತೆಗೆ ಲಿಪೋಪ್ರೋಟೀನ್ ಎ ಎಂಬ ರಕ್ತದ ಕೊಬ್ಬಿನ ಬಗೆಯನ್ನೂ ಕೇಳು. ಅದು ಹುಟ್ಟಿನಿಂದ ಬರುವಂಥದ್ದು, ಊಟಕ್ಕೆ ಇಳಿಯುವುದಿಲ್ಲ, ಒಮ್ಮೆ ನೋಡಿದರೆ ಸಾಕು. ನಮ್ಮ ಮನೆಯಲ್ಲಿ ಯಾರೂ ನೋಡಿಸಿಲ್ಲ, ನಾನೂ. ಅಮ್ಮ ಕಳಿಸಿದ ಒಣಸಿಗಡಿ ಚಟ್ನಿಯಲ್ಲಿ ಉಪ್ಪು ಜಾಸ್ತಿ, ಬಿ.ಪಿ. ನೋಡಿಕೊಂಡು ತಿನ್ನು. ನಾನು ಹೇಳಿದೆ ಅಂತ ಅವಳಿಗೆ ತಿಳಿಸಬೇಡ.

ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಈ ಬಿಗಿತ ಕಡಿಮೆ ಏರಿಗೇ ಬರತೊಡಗಿದರೆ, ಕೂತಲ್ಲಿ ಬಂದರೆ ಅಥವಾ ನಿದ್ದೆಯಿಂದ ಎಬ್ಬಿಸಿದರೆ, ಟಿ.ಎಂ.ಟಿ.ಗೆ ಕಾಯುವುದಲ್ಲ, ಅದನ್ನು ಮಾಡಿಸುವುದೂ ಅಲ್ಲ. ಅದೇ ಹೊತ್ತಿಗೆ ಆಸ್ಪತ್ರೆ. ನಿಂತು ಐದು ನಿಮಿಷವಾದರೂ ಬಿಡದಿದ್ದರೆ 108ಕ್ಕೆ ಫೋನ್ ಮಾಡಬೇಕು. ನೀನೇ ಕಾರು ಓಡಿಸಕೂಡದು. ಆಸ್ಪಿರಿನ್ 300 ಮಿ.ಗ್ರಾಂ. ಮಾತ್ರೆ ಜಗಿದು ನುಂಗುವುದು. ಸುಮ್ಮನೆ ನುಂಗಿದರೆ ನಿಧಾನ. ಹೊಟ್ಟೆಹುಣ್ಣಿನ ರಕ್ತಸ್ರಾವ, ಆಸ್ಪಿರಿನ್ ಅಲರ್ಜಿ ಇದ್ದವರಿಗೆ ಅದು ಬೇಡ, ನಿನಗೆ ಸರಿಯೋ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೋ. ಇದನ್ನು ಸೊಸೆಗೂ ಓದಿ ಹೇಳು. ಅವಳನ್ನು ಹೆದರಿಸಬೇಡ ಅನ್ನಬೇಕೆಂದಿದ್ದೆ. ಹೆದರಲಿ, ಪರವಾಗಿಲ್ಲ.

ಇದೆಲ್ಲ ಆಗಿ ಏನೂ ಇಲ್ಲ ಎಂದು ಬಂದರೆ ಮುದುಕನಿಗೆ ಮರುಳು ಅನ್ನು. ಕ್ರಿಸ್ಮಸ್ಸಿಗೆ ಬಂದಾಗ ಜೆಪ್ಪಿನಿಂದ ಬಲ್ಮಠಕ್ಕೆ ಇಬ್ಬರೂ ನಡೆದೇ ಹೋಗುವ. ಅರ್ಧದಲ್ಲಿ ನಾನು ನಿಲ್ಲುತ್ತೇನೆ, ನನಗೆ ಪರವಾನಗಿ ಉಂಟು. ನೀನು ನಿಲ್ಲದೆ ಹೋಗುವುದನ್ನು ನೋಡಬೇಕು.

ಬುಧವಾರದ ಒಳಗೆ ಡಾಕ್ಟರ ದಿನ ಗೊತ್ತುಮಾಡಿ ಫೋನ್ ಮಾಡು. ಅಮ್ಮನ ಫೋನಿಗೆ ಬೇಡ, ನನ್ನದಕ್ಕೆ.

ನಿನ್ನ ಪಪ್ಪ

ಮರೆತಿದ್ದೆ: ಜಿಮ್ಮಿನಲ್ಲಿ ತೆಗೆದ ಆ ಇ.ಸಿ.ಜಿ. ಕಾಗದ ಎಸೆಯಬೇಡ. ನಾರ್ಮಲ್ ಇದ್ದರೂ ಹೊಸದಕ್ಕೆ ಹೋಲಿಸಿ ನೋಡಲು ಬೇಕು. ಅಂಥ ಕಾಗದ ಬಿಸಿಲಿಗೂ ಪ್ಲಾಸ್ಟಿಕ್ ಕವರಿಗೂ ಮಾಸಿಹೋಗುತ್ತದೆ, ಇವತ್ತೇ ಒಂದು ಜೆರಾಕ್ಸ್ ತೆಗೆಸು.